ದುರುಗವ್ವನ ಕಣ್ಣು

ಹೊಳೆಯ ಈ ದಡಕ್ಕೆ ನಿರಂಜನಜ್ಜನ ಆಶ್ರಮ, ಆ ದಡಕ್ಕೆ ಪೇಟೆ. ನಡುವೆ ದುರುಗವ್ವನ ಹರಿಗೋಲು. ಸೇತುವೆ ಹಿಡಿದು ಹೋಗುವುದಾದರೆ ಅರ್ಧ ದಿನದ ಸುತ್ತು.

ಆ ಶನಿವಾರ, ಭಾನುವಾರ ಪೇಟೆಯಲ್ಲಿ ಕಾವ್ಯೋತ್ಸವ. ಅಜ್ಜನ ಶಿಷ್ಯ ಕೊಟ್ರಯ್ಯ ಮೊದಲ ದಿನವೇ ಕವಿತೆ ಓದಿ ಬಂದ. ಬಂದವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಅಜ್ಜಾ, ಒಂದು ಸಾಲನ್ನು ಜನ ಮೂರು ಸಲ ಓದಿಸಿದರು! ನಾಳೆ ಸಮಾರೋಪದಲ್ಲಿ ಮತ್ತೆ ಓದಬೇಕಂತೆ. ಮೊದಲ ಬಹುಮಾನ ನನಗೇ."

"ಯಾವ ಸಾಲಪ್ಪ ಅದು?"

ಕೊಟ್ರಯ್ಯ ಗಂಟಲು ಸರಿಮಾಡಿಕೊಂಡ. "ಮಗ ಮುಳುಗಿದ ಸುಳಿ ಬಂದಾಗ, ಕಣ್ಣು ಮುಚ್ಚಿ ಹುಟ್ಟು ಹಾಕುತ್ತಾಳೆ ದುರುಗವ್ವ."

ಬತ್ತಿ ಹೊಸೆಯುತ್ತಿದ್ದ ಅಜ್ಜ ಕೈ ನಿಲ್ಲಿಸಿದರು. "ಅವಳು ಹಾಗಂದಳೇ?"

"ಮಗನ ವಿಷಯ ಅವಳೇ ಹೇಳಿದ್ದು. ಕಣ್ಣು ಮುಚ್ಚೋದು ಮಾತ್ರ ನಾನು ಸೇರಿಸಿದ್ದು. ಕವಿತೆಗೆ ಬೇಕಾಗಿತ್ತು."

"ಸುಳಿ ಬಂದಾಗ ಅವಳ ಮುಖ ನೋಡಿದೀಯಾ?"

ಕೊಟ್ರಯ್ಯ ಬಗ್ಗಿ ಬತ್ತಿಯ ಹತ್ತಿ ಬಿಡಿಸತೊಡಗಿದ.

"ನಾಳೆ ನಾನೂ ಬರ್ತೀನಿ," ಎಂದರು ಅಜ್ಜ. ಮತ್ತೆ ಬತ್ತಿ ಹೊಸೆಯತೊಡಗಿದರು.

ಭಾನುವಾರ ಬೆಳಿಗ್ಗೆ ಇಬ್ಬರೂ ಹೊಳೆಗೆ ಬಂದಾಗ ಹರಿಗೋಲು ಖಾಲಿ. ದಿನಾ ನಾ ಮುಂದು ತಾ ಮುಂದು ಎಂದು ಹತ್ತುವ ಜನ ಅಂದು ದೂರದಲ್ಲೇ ನಿಂತಿದ್ದರು. ಹಾಲಿನ ಗೌರಕ್ಕ ಕ್ಯಾನನ್ನು ಕಂಕುಳಿಗೆ ಏರಿಸಿ ಸೇತುವೆಯ ದಾರಿ ಹಿಡಿಯುತ್ತಿದ್ದಳು.

"ಯಾಕೆ ಗೌರಿ, ನಾನೇನು ಮಾಡಿದೆ?" ದುರುಗವ್ವ ಕೂಗಿದಳು.

"ಬೇಜಾರು ಮಾಡ್ಕೋಬ್ಯಾಡ ದುರುಗವ್ವ. ನಡುಹೊಳೆಯಾಗೆ ಕಣ್ಣು ಮುಚ್ಕಂಡು ಹುಟ್ಟು ಹಾಕ್ತೀಯಂತಲ್ಲ. ನನಗೂ ಮಕ್ಕಳು ಅದಾವೆ."

"ಯಾರು ಅಂದೋರು?"

"ನಿಮ್ಮ ಸಾಮಿನೇ ಮೈಕಿನಾಗೆ ಅಂದ್ರಂತೆ. ಸಂಜೆಗೆ ಪಂಚಾಯ್ತಿಯೋರು ಬಂದು ಹರಿಗೋಲು ಕಟ್ಟಿಹಾಕ್ತಾರಂತೆ."

ದುರುಗವ್ವ ಕೊಟ್ರಯ್ಯನ ಕಡೆ ತಿರುಗಿದಳು. ಸಿಟ್ಟೂ ಇರಲಿಲ್ಲ, ಕಣ್ಣೀರೂ ಇರಲಿಲ್ಲ. ಸಿಟ್ಟು ಮಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಸಾಮಿ, ನಾನು ಯಾವತ್ತು ಕಣ್ಣು ಮುಚ್ಚಿದ್ದೆ?"

ಮೈಕಿನ ಮುಂದೆ ಅರಳು ಹುರಿದ ಹಾಗೆ ಮಾತಾಡುವ ಕೊಟ್ರಯ್ಯ ತಲೆ ತಗ್ಗಿಸಿದ. ಅವಳ ಅನ್ನದ ಮೇಲೆ ತಾನೇ ಕೈಯಾರೆ ಮಣ್ಣು ಹಾಕಿದ್ದೇನೆ ಎಂದು ಅವನಿಗೆ ಹೊಳೆಯಿತು.

ಅಜ್ಜ ಹರಿಗೋಲು ಹತ್ತಿ ಕೂತರು. "ಹತ್ತು ಕೊಟ್ರಯ್ಯ."

ನಡುಹೊಳೆ ಹತ್ತಿರವಾಯಿತು. ಬಂಡೆಯ ಪಕ್ಕದಲ್ಲಿ ನೀರು ಗಿರ್ರನೆ ತಿರುಗುತ್ತಿತ್ತು. ಕೊಟ್ರಯ್ಯ ಎಂದಿನಂತೆ ಅಂಚನ್ನು ಎರಡೂ ಕೈಯಲ್ಲಿ ಹಿಡಿದ. ಎಂದಿನಂತೆ ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಂಡವು.

"ಕಣ್ಣು ತೆಗಿ," ಎಂದರು ಅಜ್ಜ.

ತೆಗೆದ. ಈ ಹೊಳೆ ದಾಟುತ್ತಿದ್ದ ಮೂರು ವರ್ಷದಲ್ಲಿ ಅದೇ ಮೊದಲು.

ದುರುಗವ್ವ ರೆಪ್ಪೆ ಹೊಡೆಯದೆ ಸುಳಿಯನ್ನೇ ನೋಡುತ್ತಿದ್ದಳು. ಈಗಲೋ ಆಗಲೋ ಅಲ್ಲಿಂದ ಯಾರೋ ತಲೆ ಎತ್ತುತ್ತಾರೆ ಅನ್ನುವ ಹಾಗೆ. ಒಂದು ಗೇಣು ಅಂತರದಲ್ಲಿ ಹರಿಗೋಲನ್ನು ಜಾರಿಸಿ ಆಚೆಗೆ ದಾಟಿಸಿದಳು. ದಾಟಿದ ಮೇಲೆ ಒಂದೇ ಒಂದು ಸಲ ಉಸಿರು ಬಿಟ್ಟಳು.

ಅಯ್ಯೋ ಶಿವನೇ, ಎಂದುಕೊಂಡ ಕೊಟ್ರಯ್ಯ. ಹೆದರಿ ಮುಚ್ಚಿದ ಕಣ್ಣು ತನ್ನದು. ಅದನ್ನು ತಂದು ಅವಳ ಮುಖಕ್ಕೆ ಅಂಟಿಸಿ ಚಪ್ಪಾಳೆ ತಗೊಂಡಿದ್ದ.

ಷಾಮಿಯಾನ ಕಿಕ್ಕಿರಿದಿತ್ತು. ಉತ್ಸವದ ಮುಂದಾಳು ತೋಟಪ್ಪನವರು; ಪಂಚಾಯ್ತಿಯ ಅಧ್ಯಕ್ಷರೂ ಅವರೇ. ಶಾಲು ಹೊದಿಸಿ, ಹಾರ ಹಾಕಿ, ಕೊಟ್ರಯ್ಯನನ್ನು ಮೈಕಿನ ಮುಂದೆ ನಿಲ್ಲಿಸಿದರು. ಅಜ್ಜ ಕೊನೆಯ ಸಾಲಿನಲ್ಲಿ ಕೂತಿದ್ದರು.

"ಆ ಸಾಲು! ಆ ಸಾಲು!" ಎಂದು ಜನ ಕೂಗಿದರು.

ಕೊಟ್ರಯ್ಯ ಕೈಯಲ್ಲಿದ್ದ ಹಾಳೆ ಮಡಚಿದ. "ಆ ಸಾಲು ಸುಳ್ಳು. ಕಣ್ಣು ಮುಚ್ಚಿದ್ದು ದುರುಗವ್ವ ಅಲ್ಲ, ನಾನು."

ಚಪ್ಪಾಳೆ ಬಿತ್ತು ನೋಡಿ, ನಿನ್ನೆಗಿಂತ ಜೋರು.

"ವಾಹ್! ಕವಿ ಅಂದರೆ ಹೀಗಿರಬೇಕು! ಇನ್ನೊಮ್ಮೆ!"

"ಕವಿತೆ ಅಲ್ರೀ ಇದು," ಕೊಟ್ರಯ್ಯ ಗೋಗರೆದ. "ನಿಜ ಹೇಳ್ತಾ ಇದೀನಿ!"

ಅದಕ್ಕೂ ಚಪ್ಪಾಳೆ.

ತೋಟಪ್ಪ ಬೆನ್ನು ತಟ್ಟಿ ಕಿವಿಯಲ್ಲಿ ಹೇಳಿದರು, "ಭೇಷ್ ಸ್ವಾಮಿ. ನಿಮ್ಮಿಂದ ನಮ್ಮ ಕಣ್ಣೂ ತೆರೀತು. ಸಂಜೆಗೇ ಆ ಹರಿಗೋಲು ಕಟ್ಟಿಹಾಕಿಸ್ತೀನಿ."

ಕೊಟ್ರಯ್ಯ ಕೊನೆಯ ಸಾಲಿನ ಕಡೆ ನೋಡಿದ. ಅಜ್ಜ ಅಲ್ಲಿರಲಿಲ್ಲ. ಷಾಮಿಯಾನದ ಆಚೆ, ಹೊಳೆಯ ದಾರಿಯಲ್ಲಿ ಅವರ ಬೆನ್ನು ಕಾಣುತ್ತಿತ್ತು.

ಅವನು ಶಾಲು ತೆಗೆದು ಕುರ್ಚಿಯ ಮೇಲಿಟ್ಟ. ಹಾರ ತೆಗೆದ. ತೋಟಪ್ಪನವರ ಕೈ ಹಿಡಿದ.

"ಕಟ್ಟಿಹಾಕೋ ಮುಂಚೆ ಒಂದು ಸಲ ಕೂತು ನೋಡಿ. ನಾನೂ ನಿಮ್ಮ ಪಕ್ಕ ಕೂರ್ತೀನಿ."

"ನಾನಾ? ಈಗಲಾ? ಕಾರ್ಯಕ್ರಮ ನಡೀತಾ ಇದೆಯಲ್ರೀ!"

ಇದೆಲ್ಲ ಮೈಕಿನಲ್ಲಿ ಕೇಳುತ್ತಿತ್ತು. ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರೂ ತೋಟಪ್ಪನವರ ಮುಖವನ್ನೇ ನೋಡುತ್ತಿದ್ದರು. ಹೋಗದಿದ್ದರೆ ಪುಕ್ಕಲ ಅನ್ನಿಸಿಕೊಳ್ಳಬೇಕು. ಪಂಚೆ ಎತ್ತಿ ಕಟ್ಟಿ ಹೊರಟರು. ಹಿಂದೆ ಇಡೀ ಷಾಮಿಯಾನ ದಡಕ್ಕೆ ಬಂತು.

ಹರಿಗೋಲಿನಲ್ಲಿ ಅಜ್ಜ ಆಗಲೇ ಕೂತಿದ್ದರು. ದುರುಗವ್ವ ಯಾರನ್ನೂ ಏನೂ ಕೇಳದೆ ಹುಟ್ಟು ಎತ್ತಿಕೊಂಡಳು.

ಸುಳಿ ಬಂತು. ತೋಟಪ್ಪನವರು ಅಂಚು ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿದರು.

"ಕಣ್ಣು ತೆಗೀರಿ ಅಧ್ಯಕ್ಷರೇ," ಎಂದ ಕೊಟ್ರಯ್ಯ. ಅವನ ಹಲ್ಲೂ ಕಟಕಟ ಅನ್ನುತ್ತಿತ್ತು. "ಅವಳ ಮುಖ ನೋಡಿ."

ತೋಟಪ್ಪನವರು ನೋಡಿದರು. ಆಶ್ರಮದ ದಡ ಮುಟ್ಟಿ ಪೇಟೆಯ ದಡಕ್ಕೆ ತಿರುಗಿ ಬರುವವರೆಗೂ ಮತ್ತೆ ಕಣ್ಣು ಮುಚ್ಚಲಿಲ್ಲ. ಇಳಿದ ಮೇಲೆ ನೆರೆದಿದ್ದ ಜನಕ್ಕೆ ಇಷ್ಟೇ ಹೇಳಿದರು. "ದಾಟೋರು ದಾಟ್ರಪ್ಪ. ಹರಿಗೋಲು ಇದ್ದಲ್ಲೇ ಇರುತ್ತೆ."

ಸೇತುವೆ ಸುತ್ತಿ ಸುಸ್ತಾಗಿದ್ದ ಗೌರಕ್ಕ ಖಾಲಿ ಕ್ಯಾನು ಹಿಡಿದು ಮೊದಲು ಹತ್ತಿದಳು.

ಹೊತ್ತು ಇಳಿಯುವ ತನಕ ಹರಿಗೋಲಿಗೆ ಬಿಡುವಿರಲಿಲ್ಲ. ಕೊನೆಯ ಸರದಿಯಲ್ಲಿ ಅಜ್ಜ ಮತ್ತು ಕೊಟ್ರಯ್ಯ ಇಬ್ಬರೇ. ಬಹುಮಾನ ಷಾಮಿಯಾನದಲ್ಲೇ ಉಳಿದಿತ್ತು.

"ತಪ್ಪಾಯ್ತು ದುರುಗವ್ವ," ಎಂದ ಕೊಟ್ರಯ್ಯ. ಹಾಳೆ ಹರಿಯಲು ಹೋದ.

"ತಡೀರಿ ಸಾಮಿ. ಅದರಾಗೆ ನನ್ನ ಮಗನ ಹೆಸರು ಐತಾ?"

"ಇಲ್ಲವ್ವ."

"ಪರಸಪ್ಪ ಅಂತ. ಸೇರಿಸಿ ಓದ್ರಿ. ಅವನ ಹೆಸರು ಯಾರೂ ಕೂಗದೆ ಭಾಳ ದಿನ ಆತು."

ಕೊಟ್ರಯ್ಯ ಹಾಳೆ ಬಿಡಿಸಿದ. ಅಜ್ಜನ ಮುಖ ನೋಡಿದ. "ಓದಲಾ ಅಜ್ಜಾ?"

"ಓದು," ಎಂದರು ಅಜ್ಜ. "ಸುಳಿ ಬಂದಾಗ ಮಾತ್ರ ಸುಮ್ಮನಿರು. ಅಲ್ಲಿ ಅವಳಿಗೆ ಕೆಲಸ ಇದೆ."