ತೊಳೆದ ನೀರು

“ಗುರುಗಳೇ, ಶಾಲೆಯನ್ನು ಇಷ್ಟು ಶುದ್ಧ ಮಾಡಿದ ಮೇಲೂ ಕೆಲಸ ಏಕೆ ನಡೆಯುತ್ತಿಲ್ಲ?” ಎಂದು ಅಡಿವೆಪ್ಪ ಕೇಳಿದ.

ಅವನ ಸಂಕಟ ಸಣ್ಣದಾಗಿರಲಿಲ್ಲ. ಕಲ್ಲುಗಣಿಯ ಕೂಲಿಗಳಿಗೆ ಓದುಬರಹ ಕಲಿಸಲು ಗುರುಗಳು ಅವನಿಗೂ ದುರುಗೇಶನಿಗೂ ಒಂದು ಸಂಜೆಶಾಲೆ ವಹಿಸಿದ್ದರು. ಪಾಠ ಹೇಳುವವನು ಅಡಿವೆಪ್ಪ. ದುರುಗೇಶನಿಗೆ ಪಾಠ ಹೇಳಲು ಬರುತ್ತಿರಲಿಲ್ಲ. ಅವನು ಗುಡಿಸಲು ಗುಡಿಸಲಿಗೆ ಹೋಗಿ ಹರಟೆ ಹೊಡೆಯುತ್ತಿದ್ದ, ಪಾಠದ ನಡುವೆ ಬಾಯಿ ಹಾಕಿ ಎಲ್ಲರನ್ನೂ ನಗಿಸುತ್ತಿದ್ದ. ಅಡಿವೆಪ್ಪನಿಗೆ ಇದು ಸರಿಬರಲಿಲ್ಲ. ಇನ್ನು ಶಾಲೆಯ ಹೊಸಿಲು ತುಳಿಯಬೇಡ ಎಂದು ಹೋದ ತಿಂಗಳು ಖಡಾಖಂಡಿತವಾಗಿ ಹೇಳಿಬಿಟ್ಟ. ಅಂದಿನಿಂದ ಶಾಲೆಯಲ್ಲಿ ಗಲಾಟೆಯಿಲ್ಲ. ಆದರೆ ಕಲಿಯುವವರೂ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ನಿನ್ನೆಯಂತೂ ಚಾಪೆಗಳೆಲ್ಲ ಖಾಲಿ. ಹೀಗೇ ಹೋದರೆ ಶಾಲೆಗೆ ಬೀಗ ಬೀಳುವುದು ಖಂಡಿತ. ಇವತ್ತು ಬೆಳಿಗ್ಗೆ ದುರುಗೇಶ ಗಂಟುಮೂಟೆ ಕಟ್ಟಿಕೊಂಡು ಬಂದು, ಗುರುಗಳ ಕಾಲಿಗೆ ನಮಸ್ಕರಿಸಿ, ತನ್ನೂರಿಗೆ ಹೋಗುತ್ತೇನೆಂದು ಬಸ್ ನಿಲ್ದಾಣದ ದಾರಿ ಹಿಡಿದಿದ್ದ. ಆ ಮಾತನ್ನು ಅಡಿವೆಪ್ಪ ಎತ್ತಲಿಲ್ಲ. ಗುರುಗಳೂ ಎತ್ತಲಿಲ್ಲ.

ಗುರುಗಳು ಹಿಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವರು. ಅವರ ಕತೆಗಳಲ್ಲಿ ರಾಜರಾಣಿಯರಿಗಿಂತ ಗಾಜಿನ ನಳಿಕೆಗಳೇ ಹೆಚ್ಚು ಎಂದು ಶಿಷ್ಯರು ಬೆನ್ನ ಹಿಂದೆ ನಗುತ್ತಿದ್ದರು. ಈಗಲೂ ಅವರು ತಮ್ಮ ಚಾಳಿ ಬಿಡಲಿಲ್ಲ.

ಒಬ್ಬಳು ಸಂಶೋಧಕಿ ಇದ್ದಳು. ರಕ್ತದಲ್ಲಿನ ಸಕ್ಕರೆಯನ್ನು ಜನ ಮನೆಯಲ್ಲೇ ನೋಡಿಕೊಳ್ಳುವಂಥ ಒಂದು ಪರೀಕ್ಷಾ ಪಟ್ಟಿಯನ್ನು ಮಾಡಬೇಕೆಂಬುದು ಅವಳ ಆಸೆ. ಅದಕ್ಕಾಗಿ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಕಿಣ್ವ ತೆಗೆದಿದ್ದಳು. ಗ್ಲೂಕೋಸಿನಿಂದ ಎಲೆಕ್ಟ್ರಾನುಗಳನ್ನು ಬಿಡಿಸಿ ಮುಂದಕ್ಕೆ ದಾಟಿಸುವುದು ಆ ಕಿಣ್ವದ ಕೆಲಸ. ನೀಲಿ ಬಣ್ಣ ಬೆರೆಸಿದ ನೀರಿಗೆ ಗ್ಲೂಕೋಸನ್ನೂ ಕಿಣ್ವವನ್ನೂ ಹಾಕಿದರೆ ನೀಲಿ ಮಾಯವಾಗುತ್ತಿತ್ತು. ಕೆಲಸ ನಡೆದಿದೆ ಎನ್ನಲು ಅದೇ ಗುರುತು.

ಆದರೆ ಕಿಣ್ವದ ಜೊತೆ ಏನೇನೋ ಚಿಲ್ಲರೆ ವಸ್ತುಗಳು ಬೆರೆತಿದ್ದವು. ಅವಳಿಗೆ ಅದನ್ನು ಸಹಿಸಲಾಗಲಿಲ್ಲ. ಕಿಣ್ವವನ್ನು ತೆಳುಪೊರೆಯ ಚೀಲಕ್ಕೆ ತುಂಬಿ ನೀರಿನಲ್ಲಿ ಇಳಿಬಿಟ್ಟಳು. ಕಿಣ್ವ ದೊಡ್ಡದು, ಚೀಲದಲ್ಲೇ ಉಳಿಯುತ್ತದೆ. ಚಿಕ್ಕವು ಪೊರೆಯಿಂದ ನುಸುಳಿ ನೀರಿಗೆ ಹೋಗುತ್ತವೆ. ನೀರು ಬದಲಿಸಿದಳು, ಮತ್ತೆ ಬದಲಿಸಿದಳು. ಕೊನೆಗೆ ಚೀಲದಲ್ಲಿ ಕಿಣ್ವ ಒಂದೇ ಉಳಿಯಿತು. ಅವಳಿಗೆ ಹಿಡಿಸಲಾರದಷ್ಟು ಹಿಗ್ಗು.

ಅದನ್ನು ನೀಲಿ ನೀರಿಗೆ ಹಾಕಿದಳು. ನೀಲಿ ಹಾಗೆಯೇ ಉಳಿಯಿತು. ಗ್ಲೂಕೋಸ್ ಹೆಚ್ಚಿಸಿದಳು, ಬೆಚ್ಚಗೆ ಮಾಡಿದಳು, ಏನೂ ಆಗಲಿಲ್ಲ. ಪಟ್ಟ ಪಾಡೆಲ್ಲ ಮಣ್ಣುಪಾಲಾಯಿತೆಂದು ತಲೆಯ ಮೇಲೆ ಕೈಹೊತ್ತು ಕುಳಿತಳು. ಪಕ್ಕದ ಮೇಜಿನ ಗೆಳತಿ ಎದ್ದು ಬಂದಳು.

“ಕಿಣ್ವ ಸತ್ತಿದೆ ಕಣೇ. ಚೆಲ್ಲಿಬಿಡುತ್ತೇನೆ,” ಎಂದಳು ಸಂಶೋಧಕಿ.

“ಚೆಲ್ಲುವುದು ಇದ್ದೇ ಇದೆ. ತೊಳೆದ ನೀರು ಎಲ್ಲಿ?”

“ಆ ಕೊಳೆ ನೀರೇ? ಮೊದಲ ಸಲದ್ದು ತೊಟ್ಟಿಯ ಪಕ್ಕದಲ್ಲಿದೆ. ಪಾತ್ರೆ ತೊಳೆಯಲು ಬೇಸರವಾಗಿ ಹಾಗೇ ಬಿಟ್ಟೆ.”

ಗೆಳತಿ ಆ ನೀರನ್ನು ತಂದು ನೀಲಿ ನೀರಿಗೆ ಸ್ವಲ್ಪ ಹಾಕಿದಳು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ನೀಲಿ ತಿಳಿಯಾಯಿತು. ಇನ್ನೂ ತಿಳಿಯಾಯಿತು. ಕೊನೆಗೆ ಪಾತ್ರೆಯಾಚೆಯ ಕಿಟಕಿ ಅದರೊಳಗಿಂದ ಕಂಡಿತು. ಸಂಶೋಧಕಿ ಅತ್ತೇಬಿಟ್ಟಳು.

“ಕಿಣ್ವ ಸತ್ತಿರಲಿಲ್ಲ ಅಡಿವೆಪ್ಪ,” ಎಂದರು ಗುರುಗಳು. “ಅದಕ್ಕೊಂದು ಜೊತೆ ಬೇಕಿತ್ತು. ಸಹಕಿಣ್ವ ಎನ್ನುತ್ತಾರೆ. ಅತಿ ಚಿಕ್ಕದು, ಒಂಟಿಯಾಗಿದ್ದರೆ ಈ ಕೆಲಸ ಅದರಿಂದಲೂ ಆಗದು. ಆದರೆ ಬಿಡಿಸಿದ ಎಲೆಕ್ಟ್ರಾನುಗಳನ್ನು ಹೊತ್ತು ದಾಟಿಸುವುದು ಅದೇ. ಕೊಳೆಯೆಂದು ಅವಳು ಅದನ್ನೇ ತೊಳೆದುಬಿಟ್ಟಿದ್ದಳು.”

ಅಡಿವೆಪ್ಪ ತಲೆ ತಗ್ಗಿಸಿದ. ಗುಡಿಸಲು ಗುಡಿಸಲಿಗೆ ಹೋಗಿ ಜನರನ್ನು ನಗಿಸುತ್ತಾ ಚಾಪೆಯವರೆಗೆ ಕರೆತರುತ್ತಿದ್ದವನ ಮುಖ ಅವನ ಕಣ್ಣ ಮುಂದೆ ಬಂತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೆಲ್ಲಗೆ ಕೇಳಿದ: “ಅಷ್ಟರಲ್ಲಿ ಆ ನೀರನ್ನೂ ಚೆಲ್ಲಿಬಿಟ್ಟಿದ್ದರೆ, ಗುರುಗಳೇ?”

ಗುರುಗಳು ಬಾಗಿಲಾಚೆಯ ರಸ್ತೆಯತ್ತ ನೋಡಿದರು.

“ದುರುಗೇಶನ ಬಸ್ಸು ಹೊರಡುವುದು ಮಧ್ಯಾಹ್ನಕ್ಕೆ.”

ಅಡಿವೆಪ್ಪ ಎದ್ದು ಚಪ್ಪಲಿ ಮೆಟ್ಟಿದ.