ಹಿಂದಿನ ಹೆಜ್ಜಿ ನೋಡಾಕಿ ಫಕೀರವ್ವ

ಕೂಡ್ರಿ ಅಕ್ಕಾರ, ಕೂಡ್ರಿ ಮಾಸ್ತರ, ಸಾಲಿಗೆ ಇವತ್ತ ಬಂದೀರಿ. ಕುರ್ಚಿ ಮ್ಯಾಲಲ್ಲ, ಇಲ್ಲೇ ನನ್ನ ಒಲಿ ಮುಂದ, ನೆಲದ ಮ್ಯಾಲ. ಕುರ್ಚಿ ನಿಮಗ ನಾಳೆ ಸಿಗತೈತಿ. ಪ್ಯಾಟ್ಯಾಗ ಮೂರು ದಿನ ತರಬೇತಿ ಆಗೇತಂತಲ್ಲ ನಿಮಗ, ಮಕ್ಕಳ ಮನಸ್ಸು ಹ್ಯಾಂಗಿರತೈತಿ, ಹಟ ಮಾಡೋ ಕೂಸಿನ ಜೋಡಿ ಹ್ಯಾಂಗ ನಡಕೋಬೇಕು ಅಂತ. ಪುಸ್ತಕಾನೂ ಕೊಟ್ಟಾರಂತ, ಚಾ ಬಿಸ್ಕೀಟೂ ಕೊಟ್ಟಾರಂತ. ಚಲೋ ಆತು, ಪುಸ್ತಕ ಜ್ವಾಕಿ ಇಡ್ರಿ. ಆದರ ಈ ಸಾಲ್ಯಾಗ ಇನ್ನೊಂದು ತರಬೇತಿ ಐತಿ. ಅದು ಮುಗಿಯೋತನಕ ಅನ್ನ ಬೇಯಿಸೋ ನನಗೂ ಸೌಟು ಕೊಟ್ಟಿದ್ದಿಲ್ಲ. ಯಾಕಂತ ಹೇಳತೀನಿ, ನಡುವ ಫೋನ್ ನೋಡಬ್ಯಾಡ್ರಿ.

ಬಾಳ ಹಿಂದ, ಎಷ್ಟು ಹಿಂದಂತ ಕೇಳಬ್ಯಾಡ್ರಿ, ನಮ್ಮ ಅಜ್ಜಿಯ ಅಜ್ಜಿಗೂ ಅದು ಹಳೇ ಮಾತ ಆಗಿತ್ತು, ಒಂದು ಊರಾಗ ಫಕೀರವ್ವ ಅಂತ ಒಬ್ಬಾಕಿ ಇದ್ಲಂತ. ಒಂದು ಊರು ಅಂದ್ರ ಬ್ಯಾರೆ ಯಾವುದೂ ಅಲ್ಲ, ಇದ ಊರು. ತಪ್ಪಿಸಿಕೊಂಡ ದನ ಹುಡುಕಿ ಕೊಡೂದು ಆಕಿ ಕೆಲಸ. ಹೆಜ್ಜಿ ನೋಡಿ ಹೇಳತಿದ್ಲಂತ, ಈ ಎತ್ತಿನ ಎಡಗಾಲು ನೋಯಾಕ ಹತ್ತೇತಿ, ಈ ಎಮ್ಮಿ ಗಬ್ಬ ಐತಿ, ಈ ಆಕಳ ಯಾರಿಗೋ ಹೆದರೇತಿ ಅಂತ. ಬಂಡಿಗಲ್ಲಿನ ಮ್ಯಾಲ ಹಾದುಹೋದ ಆಡಿನ ಹೆಜ್ಜಿನೂ ಆಕಿಗೆ ಕಾಣಸ್ತಿತ್ತಂತ. ಕೆರಿ ನೀರಿನ ಮ್ಯಾಲ ಬಾತುಕೋಳಿ ಹೋದ ಹೆಜ್ಜಿ ಹಿಡದು ಹೊಂಟಿದ್ಲು ಅಂತನೂ ಹೇಳತಾರ. ಅದನ್ನ ನಾನು ನಂಬೂದಿಲ್ಲ, ನಿಮಗ ನಂಬಬೇಕು ಅನಿಸಿದ್ರ ನಂಬ್ರಿ.

ಆಕಿದೊಂದು ರೀತಿ ಇತ್ತಂತ. ಉಳದವ್ರೆಲ್ಲ ದನ ಓಡಿದ ದಿಕ್ಕಿಗೆ ಓಡತಿದ್ರು. ಫಕೀರವ್ವ ಮೊದಲ ಗೂಟದ ಹಂತೇಕ ಬಂದು ಕುಕ್ಕರಗಾಲಿಲೆ ಕೂಡತಿದ್ಲಂತ. ಹಗ್ಗ ಹರಕೊಳ್ಳೋಕಿಂತ ಮೊದಲ ಏನಾತು? ಅದಕ್ಕೂ ಮೊದಲ? ಅದಕ್ಕೂ ಮೊದಲ? ದನದ ಮಾಲಕರಿಗೆ ಮೈಯೆಲ್ಲ ಉರೀತಿತ್ತು. ಎತ್ತು ಅತ್ತಾಗ ಹೊಂಟೇತಿ, ಈಕಿ ಇಲ್ಲೆ ಸಗಣಿ ನೋಡಕೋಂತ ಕುಂತಾಳಲ್ಲ ಅಂತಿದ್ರು. ಆಕಿ ಹುಡುಕಿ ನೋಡಿದ್ರ ಮೇವು ಹಾಕೋ ಗ್ವಾದಲಿ ಮೂಲ್ಯಾಗ ಚೇಳು ಇರತಿತ್ತು. ಎತ್ತು ಹೊಡಕೊಂಡು ಬಂದು ಮತ್ತ ಅಲ್ಲೇ ಕಟ್ಟಿದ್ರ ನಾಳೆ ಮತ್ತ ಹರಕೊಂತೈತಿ, ಅಲ್ಲೇನ್ರಿ?

ಆಗ ಸಾಲಿ ಹನಮಪ್ಪನ ಗುಡಿ ಪಡಸಾಲ್ಯಾಗ ನಡೀತಿತ್ತಂತ. ನೆಲಕ್ಕ ಉಸುಕು ಹಾಸಿ, ಅದರ ಮ್ಯಾಲ ಬೆರಳಿಲೆ ಅಕ್ಷರ ತಿದ್ದಸ್ತಿದ್ರು. ಮಾಸ್ತರ ಹೆಸರು ಗದಿಗಯ್ಯ. ಕೆಟ್ಟ ಮನಷ್ಯಾ ಅಲ್ಲ, ತನಗ ಹ್ಯಾಂಗ ಕಲಿಸಿದ್ರೋ ಹಂಗ ಕಲಸ್ತಿದ್ದ. ತೊಲಿಗೆ ಒಂದು ಹಗ್ಗ ಇಳಿಬಿಟ್ಟಿದ್ದ, ಅದಕ್ಕ ಕೋದಂಡ ಅಂತಿದ್ರು. ತಪ್ಪು ಮಾಡಿದ ಕೂಸು ಆ ಹಗ್ಗ ಹಿಡದು ನೇತಾಡಬೇಕು, ಕೈ ಬಿಟ್ರ ಕೆಳಗ ಬೆತ್ತ. ಶಿವನ, ಎಂಥಾ ಕಾಲ!

ಆ ಸಾಲ್ಯಾಗ ಮಾಳವ್ವ ಅಂತ ಎಂಟು ವರ್ಷದ ಹುಡುಗಿ ಇದ್ಲಂತ. ತಂದಿ ಹೋದ ಬ್ಯಾಸಗ್ಯಾಗ ತೀರಕೊಂಡಿದ್ದ, ತಾಯಿ ಯಮನವ್ವ ಕೂಲಿ ಮಾಡಿ ಸಾಕತಿದ್ಲು. ಹುಡುಗಿ ಮುಂಜಾನೆ ಸುಮ್ಮನ ಬಂದು ಕೂಡತಿತ್ತು, ಸುಮ್ಮನ ತಿದ್ದತಿತ್ತು. ಪೂಜಾರಿ ದೇವರಿಗೆ ನೀರು ಹಾಕೋ ಹೊತ್ತಿಗೆ ಏನಾಗತಿತ್ತೋ ಏನೋ, ಎದ್ದು ನಿಂತು ಚಿಟ್ಟನ ಚೀರತಿತ್ತಂತ. ಉಸುಕು ಒದಿಯೂದು, ಕಿವಿ ಮುಚಗೊಳ್ಳೂದು, ಮುಟ್ಟಾಕ ಬಂದವ್ರನ್ನ ಕಚ್ಚೂದು. ದಿನಾ ಅದ ಹೊತ್ತಿಗೆ. ಗಂಟಿ ಬಾರಿಸೂದರಾಗ ಸಾಲಿಯೆಲ್ಲ ದಿಕ್ಕಾಪಾಲು.

ಊರವ್ರಿಗೆ ಇನ್ನೇನು ಬೇಕ್ರಿ? ದೇವರ ಮೈಮ್ಯಾಲ ನೀರು ಬೀಳೂದೂ ಈಕಿ ಚೀರೂದೂ ಒಂದ ಹೊತ್ತಿಗೆ ಅಂದ್ರ ಒಳಗ ಗಾಳಿ ಸೇರೇತಿ, ಅದಕ್ಕ ದೇವರ ನೀರು ತಡಿಯಾಕ ಆಗವಲ್ದು ಅಂದ್ರು. ಗದಿಗಯ್ಯ ಆಕಿನ್ನ ಕೋದಂಡಕ್ಕ ಹಾಕಿದ. ಆಕಿ ಕೆಳಗ ಬಿದ್ದು ಅವನ ಕೈ ಕಚ್ಚಿದ್ಲು, ಹಲ್ಲಿನ ಗುರ್ತು ಮೂಡೂಹಂಗ. ಹಿರ್ಯಾರು ಕೂಡಿ ಮಾತಾಡಿದ್ರು. ಬರೂ ಅಮಾವಾಸಿ ಮುಂಜಾನೆ, ಪೂಜಿ ಹೊತ್ತಿಗೆ, ದೇವರ ಮುಂದ ಹುಡುಗಿ ಹಣಿಗೆ ಬರಿ ಹಾಕೂದು. ಕಬ್ಬಿಣ ಕಾಸಿ ಬರಿ ಹಾಕೋ ಭರಮಪ್ಪಗ ಹೇಳಿ ಕಳಿಸಿದ್ರು. ಅಮಾವಾಸಿಗೆ ಐದ ದಿನ ಇದ್ವು.

ಯಮನವ್ವ ಫಕೀರವ್ವನ ಮನಿ ಮುಂದ ಬಂದು ನಿಂತ್ಲಂತ. ಫಕೀರವ್ವ ಮೊದಲ ಒಲ್ಲೆ ಅಂದ್ಲು, ನಂದು ದನದ ಕೆಲಸ, ಮಕ್ಕಳ ಸುದ್ದಿ ನನಗೇನು ತಿಳಿಬೇಕು ಅಂತ. ಅದಕ್ಕ ಆ ತಾಯಿ ಅಂದ್ಲಂತ:

"ನನ್ನ ಮಗಳೂ ದಿನಾ ಹಗ್ಗ ಹರಕೊಳ್ಳಾಕ ಹತ್ಯಾಳ, ಯಕ್ಕಾ. ಎಲ್ಲಾರೂ ಹರಕೊಂಡಿದ್ದು ನೋಡಾಕ ಹತ್ಯಾರ. ನೀ ಗೂಟ ನೋಡ ಬಾ."

ಮರುದಿನ ಫಕೀರವ್ವ ಸಾಲಿ ಬಾಗಲದಾಗ ಬಂದು ಕುಂತ್ಲು. ಗದಿಗಯ್ಯ ನಕ್ಕನಂತ, ಏನು ಫಕೀರವ್ವ, ಈ ವಯಸ್ಸಿನ್ಯಾಗ ಅಕ್ಷರ ಕಲಿಯಾಕ ಬಂದೇನು ಅಂತ. ಹೂಂ ಅಂದ್ಲು. ಹುಡುಗರೂ ನಕ್ಕವು. ಅವತ್ತು ಎಲ್ಲಾರ ಹಂಗ ಆಕಿನೂ ಹುಡುಗಿ ಚೀರೂದನ್ನ ನೋಡಿದ್ಲು. ಎಲ್ಲಾರ ಹಂಗ ಆಕಿಗೂ ಏನೂ ತಿಳೀಲಿಲ್ಲ.

ಎರಡನೇ ದಿನ ಫಕೀರವ್ವ ಹುಡುಗಿ ಮಾರಿ ನೋಡಲೇ ಇಲ್ಲ. ನೆಲ ನೋಡಿದ್ಲು. ಗದ್ದಲ ಮುಗಿದ ಮ್ಯಾಲ ಮೊಣಕಾಲೂರಿ ಉಸುಕಿನ್ಯಾಗ ಹುಡುಕಿದ್ಲು. ಹುಡುಗಿ ಚೀರೋಕಿಂತ ಮೊದಲ ಎದ್ದು ನಿಂತಿದ್ಲಲ್ಲ, ಆ ಜಾಗದಾಗ ಕಾಲಿನ ಹತ್ತೂ ಬೆರಳು ಆಳಕ್ಕ ಊರಿದ್ವು, ಹಿಮ್ಮಡ ನೆಲ ಮುಟ್ಟಿದ್ದಿಲ್ಲ. ಓಡೋರ ಹೆಜ್ಜಿ ಹಂಗಿರೂದಿಲ್ಲ. ಸಿಟ್ಟಿಗೆದ್ದೋರದೂ ಹಂಗಿರೂದಿಲ್ಲ. ಮೈಯಾಗ ಗಾಳಿ ಬಂದವ್ರನ್ನೂ ಫಕೀರವ್ವ ಹಿಂದೆಲ್ಲ ನೋಡಿದ್ಲು, ಅವ್ರು ಹಿಮ್ಮಡ ಬಡಕೊಂತ ಕುಣೀತಾರ. ಬಾಂವಿ ದಂಡ್ಯಾಗ ನಿಂತು ಒಳಗ ಬಗ್ಗಿ ನೋಡೋರು ಮಾತ್ರ ಹಂಗ ಬೆರಳು ಊರತಾರ. ಪಡಸಾಲ್ಯಾಗ ಬಾಂವಿ ಎಲ್ಲಿಂದ ಬಂತು?

ಮೂರನೇ ದಿನ ಕಣ್ಣು ಮುಚಗೊಂಡು ಕುಂತ್ಲಂತ. ಗದಿಗಯ್ಯ ಮುದುಕಿ ನಿದ್ದಿ ಹೊಡಿಯಾಕ ಹತ್ಯಾಳ ಅಂದ. ಆಕಿ ನಿನ್ನಿನ ಚೀರಾಟದ ಹಿಂದಿನ ಹೆಜ್ಜಿ ಎಣಿಸಾಕ ಹತ್ತಿದ್ಲು. ಗಂಟಿಗೆ ಚೀರಿದ್ಲೇನು? ಇಲ್ಲ, ಗಂಟಿ ಆಮ್ಯಾಲ ಬಂತು. ಅದಕ್ಕೂ ಮೊದಲ? ದೇವರಿಗೆ ನೀರು ಹಾಕಿದ ಸಪ್ಪಳ. ಅದೂ ಆಮ್ಯಾಲ. ಅದಕ್ಕೂ ಮೊದಲ? ಪೂಜಾರಿ ಒದ್ದಿ ಪಂಜಿ ಉಟಗೊಂಡು ನಡಕೊಂಡು ಬಂದಿದ್ದು. ಅದಕ್ಕೂ ಮೊದಲ? ಗ್ವಾಡಿ ಹಿಂದ ಗುಡಿ ಬಾಂವಿ ರಾಟಿ ಕಿರ್ರ್ ಅಂದಿದ್ದು. ದಿನಾ ಅನ್ನೋ ರಾಟಿ ನೋಡ್ರಿ, ಊರಾಗ ಯಾರ ಕಿವಿಗೂ ಅದು ಬೀಳತಿದ್ದಿಲ್ಲ. ಅಷ್ಟರಾಗ ಇವತ್ತಿನ ರಾಟಿ ಕಿರ್ರ್ ಅಂತು, ಫಕೀರವ್ವ ಕಣ್ಣು ತಗದು ನೋಡಿದ್ಲು. ಮಾಳವ್ವನ ಬೆರಳು ಅರ್ಧ ಅಕ್ಷರದಾಗ ನಿಂತಿತ್ತು.

ನಾಕನೇ ದಿನ ಸಾಲಿ ಬಿಟ್ಟ ಮ್ಯಾಲ ಹುಡುಗಿ ಹಿಂದ ನಡದ್ಲು. ಕರಿಲಿಲ್ಲ, ಕೇಳಲಿಲ್ಲ, ಆಕಿ ಹೆಜ್ಜಿ ಮ್ಯಾಲ ತನ್ನ ಹೆಜ್ಜಿ ಇಟಗೋಂತ ನಡದ್ಲು. ಗುಡಿಯಿಂದ ಮಾಳವ್ವನ ಮನಿ ಎರಡು ಓಣಿ ದೂರ ಅಷ್ಟ. ಹುಡುಗಿ ಗುಡಿ ಬಾಂವಿ ಬಿಟ್ಟು, ಕುಂಬಾರ ಓಣಿ ಬಾಂವಿ ಬಿಟ್ಟು, ಊರು ಹೊರಗಿನ ಜಾಲಿ ಮುಳ್ಳಿನ್ಯಾಗ ಹಾದು, ಸುತ್ತ ಹಾಕಿ ಮನಿ ಸೇರತಿತ್ತಂತ. ತಾಯಿ ಆಡಕೊಂಡು ಬರತಾಳ ಅಂತ ತಿಳಕೊಂಡಿದ್ಲು. ಫಕೀರವ್ವ ಹೊಸ್ತಿಲ ಕೆಳಗ, ಹುಡುಗಿಗಿಂತ ತಗ್ಗಿನ್ಯಾಗ ಕುಂತು, ಆಕಿ ಕಾಲು ತೊಡಿ ಮ್ಯಾಲ ಇಟಗೊಂಡು ಮುಳ್ಳು ತಗಿಯಾಕ ಹತ್ತಿದ್ಲು. ಏನೂ ಕೇಳಲಿಲ್ಲ. ಏಳು ಮುಳ್ಳು ತಗದ್ಲು ಅಂತ ಕೆಲವ್ರು, ಇಪ್ಪತ್ತೊಂದು ಅಂತ ಕೆಲವ್ರು. ಎಷ್ಟನೇ ಮುಳ್ಳಿಗೋ ಹುಡುಗಿ ತಾನಾಗಿ ಮಾತಾಡಿತಂತ:

"ನಾ ಅಪ್ಪಗ ಬುತ್ತಿ ಒಯ್ದಿದ್ದೆ. ರಾಟಿ ಕಿರ್ರ್ ಅಂತಿತ್ತು. ಆಮ್ಯಾಲ ಅನ್ನಲಿಲ್ಲ."

ಅವರಪ್ಪ ಹೊಲದ ಬಾಂವಿ ಹೂಳು ತಗಿಯಾಕ ರಾಟಿ ಹಗ್ಗ ಹಿಡದು ಇಳಿಯುವಾಗ, ಹಗ್ಗ ಹರದು ಬಿದ್ದು ಸತ್ತಿದ್ದ. ಅದು ಊರಿಗೆಲ್ಲ ಗೊತ್ತಿತ್ತು. ಕೂಸು ಬಾಂವಿ ದಂಡ್ಯಾಗ ನಿಂತಿತ್ತು ಅನ್ನೂದು ಯಾರಿಗೂ ಗೊತ್ತಿದ್ದಿಲ್ಲ. ಬುತ್ತಿ ಕೊಟ್ಟು ಕಳಿಸಿದಾಕಿ ತಾನ ಅನ್ನೂದು ಯಮನವ್ವಗ ಆಗ ನೆನಪಾತು. ಹುಡುಗಿ ಅವತ್ತು ಬುತ್ತಿ ತಿರಗಿ ತಂದು ಮೂಲ್ಯಾಗ ಇಟ್ಟು ಸುಮ್ಮನ ಕುಂತಿತ್ತು, ಅತ್ತಿದ್ದಿಲ್ಲ. ಸತ್ತವ್ರ ಮನ್ಯಾಗ ಅಳೋರನ್ನ ಸಮಾಧಾನ ಮಾಡತಾರ, ಸುಮ್ಮನ ಕುಂತೋರನ್ನ ಯಾರು ಕೇಳತಾರ್ರಿ?

ಐದನೇ ದಿನ ಅಮಾವಾಸಿ. ಹೊತ್ತು ಹುಟ್ಟಿದ ಕೂಡಲೆ ಫಕೀರವ್ವ ಹಳ್ಳಕ್ಕ ಹೋಗಿ ಎರಡು ಕೊಡ ನೀರು ತಂದು ಪೂಜಾರಿ ಮುಂದ ಇಟ್ಲಂತ. ಇವತ್ತು ಬಾಂವಿ ನೀರು ಸೇದಬ್ಯಾಡ ಅಂದ್ಲು. ಆಂವ ಮಡಿ ಮೈಲಿಗಿ ಅಂತ ಶುರು ಮಾಡಿದ. ಸಮುದ್ರ ಹಾರಿದ ಹನಮಪ್ಪಗ ಹಳ್ಳದ ನೀರು ನಡಿಯೂದಿಲ್ಲೇನು ಅಂದ್ಲಂತ. ಪೂಜಾರಿ ಕೊಡ ಎತ್ತಿಕೊಂಡು ಒಳಗ ಹೋದ.

ಊರ ಮಂದಿಯೆಲ್ಲ ಕೂಡಿತ್ತು. ಭರಮಪ್ಪನ ಕಬ್ಬಿಣ ಬೆಂಕ್ಯಾಗ ಕೆಂಪಾಗಿತ್ತು. ಮಾಳವ್ವ ಉಸುಕಿನ ಮುಂದ ಕುಂತು ತಿದ್ದಾಕ ಹತ್ತಿದ್ಲು. ಪೂಜಾರಿ ದೇವರಿಗೆ ನೀರು ಹಾಕಿದ, ಹುಡುಗಿ ಚೀರಲಿಲ್ಲ. ಗಂಟಿ ಬಾರಿಸಿದ, ಚೀರಲಿಲ್ಲ. ತೀರ್ಥ ತಂದು ಆಕಿ ನೆತ್ತಿ ಮ್ಯಾಲ ಚಿಮುಕಿಸಿದ್ರು, ತಲಿ ಒರಿಸಿಕೊಂಡು ಮುಂದಿನ ಅಕ್ಷರ ತಿದ್ದಿದ್ಲಂತ.

ಫಕೀರವ್ವ ಆಗ ರಾಟಿ ಸಂಗತಿ ಹೇಳಿದ್ಲು. ಹಿರ್ಯಾರು ಒಪ್ಪಲಿಲ್ಲ. ಹಂಗಿದ್ರ ಈಗ ರಾಟಿ ತಿರಗಸ್ರಿ, ಚೀರತಾಳೋ ಇಲ್ಲೋ ನೋಡೂಣು ಅಂದ್ರು. ಇಬ್ರು ಬಾಂವಿ ಕಡೆ ಹೊಂಟೂ ಬಿಟ್ರು. ಫಕೀರವ್ವ ಓಡಿ ಹೋಗಿ ಹಗ್ಗಕ್ಕ ಅಡ್ಡ ನಿಂತ್ಲಂತ.

"ನೋಡಾಕ ಇದೇನು ಬಯಲಾಟೇನು? ಹುಣ್ಣು ಹಿಚುಕಿ ನೋವು ಐತೇನಂತ ಕೇಳತೀರೇನು? ನನ್ನ ಮಾತು ಸುಳ್ಳು ಅಂದ್ರ ಆ ಬರಿ ನನ್ನ ಹಣಿಗೆ ಹಾಕ್ರಿ."

ಕಬ್ಬಿಣ ಯಾರೂ ಬೆಂಕಿಯಿಂದ ತಗೀಲಿಲ್ಲ. ಆಗ ಗದಿಗಯ್ಯ ಮಾಸ್ತರ ಎದ್ದ ನೋಡ್ರಿ, ಆಕಿ ಕಚ್ಚಿದ ಕೈಗೆ ಇನ್ನೂ ಅರಿವಿ ಸುತಗೊಂಡಿದ್ದ. ಕೊಡದಾಗ ಉಳದ ಹಳ್ಳದ ನೀರು ತಂದು ಬೆಂಕಿ ಮ್ಯಾಲ ಸುರುವಿಬಿಟ್ಟ. ಚೊಂಯ್ ಅಂತು. ತಿರಗಿ ಹೋಗಿ ತೊಲಿಗೆ ಕಟ್ಟಿದ ಕೋದಂಡ ಬಿಚ್ಚಿದ. ಹನ್ನೊಂದು ತಿಂಗಳು ಈಕಿ ನನ್ನ ಮುಂದ ಕುಂತಾಳ, ಕಾಲಾಗಿನ ಮುಳ್ಳು ನನಗ ಕಾಣಲಿಲ್ಲ ಅಂತ ಅತ್ತನಂತ, ಮಕ್ಕಳ ಮುಂದ.

ರಾಟಿಗೆ ಔಡಲೆಣ್ಣಿ ಹಾಕಿದ್ರು, ಸಪ್ಪಳ ನಿಂತಿತು. ಆದರ ಫಕೀರವ್ವ ಅಷ್ಟಕ್ಕ ಬಿಡೋ ಪೈಕಿ ಅಲ್ಲ. ಇದು ಒಂದು ಕೂಸಿನ ರಾಟಿ, ಸಾಲ್ಯಾಗ ಇಪ್ಪತ್ತಾರು ಮಕ್ಕಳದಾವ, ಒಂದೊಂದಕ್ಕ ಒಂದೊಂದು ಸಪ್ಪಳ ಇರತೈತಿ, ನಾ ದಿನಾ ಬಾಗಲದಾಗ ಕೂಡಾಕ ಆಗೂದಿಲ್ಲ ಅಂದ್ಲು. ಗದಿಗಯ್ಯಗ ದಿನಕ್ಕೊಂದು ಕೂಸಿನ ಹಿಂದ ಮನಿತನಕ ನಡಿಯಾಕ ಹಚ್ಚಿದ್ಲು. ಇಪ್ಪತ್ತಾರು ದಿನ ಬೆತ್ತ ಮುಟ್ಟಂಗಿಲ್ಲ. ಇಪ್ಪತ್ತೇಳನೇ ದಿನ ಬೆತ್ತ ಎಲ್ಲಿಟ್ಟಿದ್ದೆ ಅನ್ನೂದ ಅವಗ ನೆನಪಿದ್ದಿಲ್ಲ ಅಂತಾರ. ಇಟಗೊಂಡು ಸುಳ್ಳು ಹೇಳಿದ್ದನೋ ಏನೋ, ಮಾಸ್ತರ ಮಂದಿ!

ಮಾಳವ್ವ ದೊಡ್ಡಾಕಿ ಆಗಿ ಬಾಂವಿ ನೀರು ಸೇದಿದ್ಲು ಅಂತ ಕೆಲವ್ರು ಹೇಳತಾರ. ಸಾಯೋತನಕ ಹಳ್ಳದ ನೀರ ತಂದ್ಲು ಅಂತ ಕೆಲವ್ರು. ನನಗ ಎರಡನೇದ ಖರೇ ಅನ್ನಸ್ತೈತಿ. ಆದರ ಸಾಲ್ಯಾಗ ಮತ್ತ ಚೀರಲಿಲ್ಲ. ಎಲ್ಲ್ಯಾರ ದೂರದಾಗ ರಾಟಿ ಕೂಗಿದ್ರ ಎದ್ದು ಮಾಸ್ತರ ಬಾಜೂಕ ಬಂದು ಕೂಡತಿದ್ಲಂತ. ಆಂವ ಪಾಠ ನಿಲ್ಲಸ್ತಿದ್ದಿಲ್ಲ, ಸರಕೊಂಡು ಜಾಗ ಕೊಡತಿದ್ದ.

ಅವತ್ತಿನಿಂದ ಈ ಊರ ಕಟ್ಟಳಿ ಇದು. ಸಾಲಿಗೆ ಯಾರ ಹೊಸಬರು ಬರಲಿ, ಮಾಸ್ತರಾಗಲಿ, ಕಸ ಹೊಡಿಯೋರಾಗಲಿ, ಅನ್ನ ಮಾಡೋರಾಗಲಿ, ಮೊದಲ ಒಂದು ಕೂಸಿನ ಹಿಂದ ಬರಿಗಾಲಿಲೆ ಅದರ ಮನಿತನಕ ನಡೀಬೇಕು. ಏನೂ ಕೇಳಂಗಿಲ್ಲ, ಬರೇ ನೋಡಬೇಕು. ಗುಡಿ ಬಾಂವಿ ಬತ್ತಿ ಎಷ್ಟೋ ವರ್ಷ ಆತು, ಬಾಯಿಗೆ ತಗಡು ಮುಚ್ಚ್ಯಾರ. ಆದರೂ ಅಮಾವಾಸಿ ಮುಂಜಾನೆ ಸಾಲಿ ಮಕ್ಕಳು ಹೋಗಿ ಆ ರಾಟಿಗೆ ಔಡಲೆಣ್ಣಿ ಹಚ್ಚಿ ಬರತಾವ. ಹೋಗಿ ಕೈಲೆ ತಿರಗಿಸಿ ನೋಡ್ರಿ, ಪಿಟ್ ಅನ್ನೂದಿಲ್ಲ.

ಅಕ್ಕಾರ, ಅಲ್ಲಿ ಗೇಟಿನ ಹಂತೇಕ ಹಸರು ರಿಬ್ಬನ್ ಹುಡುಗಿ ನಿಂತಾಳಲ್ಲ? ಮೂರು ದಿನ ಆತು, ನನ್ನ ಅನ್ನ ಮುಟ್ಟಿಲ್ಲ ಆಕಿ. ನಿನ್ನೆ ತಾಟು ಎತ್ತಿ ಬೀಸಿ ಒಗದ್ಲು. ಸೊಕ್ಕು ಅಂತ ಒಬ್ಬರು ಅಂದ್ರು, ನಾ ತಾಟು ಆರಿಸಿ ತೊಳದಿಟ್ಟೆ. ಯಾರ ಮಗಳಂತ ನಿಮಗ ಹೇಳೂದಿಲ್ಲ. ಮಾಸ್ತರ, ನಿಮಗ ನಾಳೆ ಇನ್ನೊಂದು ಕೂಸು. ಚಪ್ಪಲಿ ಇಲ್ಲೇ ಬಿಡ್ರಿ ಅಕ್ಕಾರ, ನಾ ಕಾಯ್ತೀನಿ. ಲಗೂನ ಏಳ್ರಿ, ಆಕಿ ಆಗಲೇ ಹೊಂಟ್ಲು.