ರಾಣಿಯ ಕಂಪ್ಯೂಟರಿನ ಬಾಗಿಲು

“ಹೊಳೆಸಾಲು ಸೀಮೆಯ ಪ್ರಜೆಗಳೆಲ್ಲ ಕೇಳಿರಿ. ಅರಸುಮಗಳು ಹೊನ್ನಾಂಬೆ ಕೇಳುವ ಮೂರು ಒಗಟು ಬಿಡಿಸಿದವನಿಗೆ ಅವನು ಕೇಳಿದ್ದನ್ನು ಕೊಡಲಾಗುವುದು. ಬಯಸಿದರೆ ಅವಳನ್ನೇ ಕೊಟ್ಟು ಮದುವೆ ಮಾಡಲಾಗುವುದು. ತಪ್ಪಿದವನ ತಲೆ ಅಮಾವಾಸ್ಯೆಯ ದಿನ ಹೋಗುವುದು.”

ಡಂಗುರದವನು ಹೀಗೆ ಸಾರಿದ. ಜನ ಕೇಳಿಸಿಕೊಂಡು ಸಂತೆಗೆ ಹೋದರು. ರಾಣಿ ತೀರಿಕೊಂಡ ಮೇಲೆ ಆ ಊರಲ್ಲಿ ಯಾವುದಕ್ಕೂ ಯಾರೂ ಬೆಚ್ಚುತ್ತಿರಲಿಲ್ಲ.

ರಾಣಿಗೆ ಒಂದು ಕಂಪ್ಯೂಟರ್ ಇತ್ತು. ಅದರಲ್ಲಿ ಅವಳಿಗೆ ಒಗ್ಗಿದ ಆಪರೇಟಿಂಗ್ ಸಿಸ್ಟಮ್ ಒಂದೇ ಇತ್ತು. ತಾಯಿಯ ತಿಥಿ ಮುಗಿದ ಮಾರನೆಯ ದಿನ, ಸುಮ್ಮನೆ ಕೂರಲಾಗದೆ, ಹೊನ್ನಾಂಬೆ ಡಿಸ್ಕಿನ ಖಾಲಿ ಅರ್ಧದಲ್ಲಿ ತನ್ನ ಓದಿಗೆ ಬೇಕಾದ ಇನ್ನೊಂದು ಸಿಸ್ಟಮ್ ಹಾಕಿದಳು. ಅಂದಿನಿಂದ ಯಾವಾಗ ಆನ್ ಮಾಡಿದರೂ ಹೊಸದೇ ಬರುತ್ತಿತ್ತು. ಅಮ್ಮನದು ಬರಲೇ ಇಲ್ಲ. ಬದಲಿಗೆ, “ಇಲ್ಲೊಂದು ಗುರುತಿಲ್ಲದ ಜಾಗವಿದೆ, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ?” ಎಂದು ಪರದೆ ಕೇಳುತ್ತಿತ್ತು. ಹೊನ್ನಾಂಬೆ ದಿನಾ ಬೆಳಿಗ್ಗೆ ಬೇಡ ಎಂದು ಒತ್ತಿ ತಿಂಡಿಗೆ ಹೋಗುತ್ತಿದ್ದಳು. ತಿಂಡಿಗೆ ರುಚಿ ಇರಲಿಲ್ಲ. ಅಮ್ಮ ಸತ್ತಾಗಲೂ ಅವಳಿಗೆ ಅಳು ಬಂದಿರಲಿಲ್ಲ. ಅಳಿದುಳಿದ ಅಮ್ಮನನ್ನೂ ತನ್ನ ಕೈಯಾರೆ ಅಳಿಸಿದೆನೇ ಎಂಬುದೊಂದೇ ಅವಳಿಗೆ ತಿಳಿಯಬೇಕಿತ್ತು. ಅದಕ್ಕೇ ಒಗಟು ಕಟ್ಟಿದಳು. ಅರೆಬರೆ ತಿಳಿದವರು ಕಂಪ್ಯೂಟರಿನ ಮೇಲೆ ಕೈಯಿಡದಿರಲಿ ಎಂದು ಅರಸ ಸೋಮಭೂಪಾಲ ತಲೆಯ ಷರತ್ತು ಹಾಕಿದ.

ಮೊದಲು ಬಂದವನು ಬೆಟ್ಟದಕೋಟೆಯ ಅರಸುಕುಮಾರ. ಕಂಪ್ಯೂಟರನ್ನು ರೇಷ್ಮೆ ಬಟ್ಟೆ ಹೊದಿಸಿ ಸಭೆಯ ನಡುವೆ ಇಟ್ಟಿದ್ದರು. ಹೊನ್ನಾಂಬೆ ಅದರ ಪಕ್ಕ ಕೂತು ಕೇಳಿದಳು: “ಮನೆ ಒಂದು, ಯಜಮಾನರು ಇಬ್ಬರು. ಒಬ್ಬರು ಎದ್ದಿದ್ದರೆ ಇನ್ನೊಬ್ಬರು ಏಳುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಯಾರವರು?”

“ಸೂರ್ಯ, ಚಂದ್ರ.”

“ಹಗಲು ಹೊತ್ತಿನಲ್ಲಿ ನೀವು ಚಂದ್ರನನ್ನು ಕಂಡಿಲ್ಲವೇ?” ಎಂದಳು. ಅವನನ್ನು ಸೆರೆಮನೆಗೆ ಕರೆದೊಯ್ದರು. ಸಭೆಯವರು ಊಟಕ್ಕೆ ಎದ್ದರು.

ಎರಡನೆಯವನು ಮಂತ್ರಿಯ ಮಗ. ಅವನು ಮೊದಲ ಎರಡು ಒಗಟು ಬಿಡಿಸಿದ. ಮೂರನೆಯದಕ್ಕೆ, “ಹಳೆಯ ಯಜಮಾನರು ಹೋಗಿಯಾಯಿತು, ಆ ಕೋಣೆ ತೊಳೆದು ಬೇರೆಯವರಿಗೆ ಕೊಡಿ” ಎನ್ನುತ್ತ ಫಾರ್ಮ್ಯಾಟ್ ಒತ್ತಲು ಕೈ ಚಾಚಿದ. ಕಾವಲಿನವರು ಅವನ ಕೈ ಹಿಡಿದು ಅವನನ್ನೂ ಸೆರೆಮನೆಗೆ ಕರೆದೊಯ್ದರು. ಹೊನ್ನಾಂಬೆಯ ಮುಖದಲ್ಲಿ ಏನೂ ಕಾಣಲಿಲ್ಲ. ಬೆರಳು ಮಾತ್ರ ಸೆರಗನ್ನು ಹಿಂಡುತ್ತಿತ್ತು.

ಮೂರನೆಯವನು ಹೊಳೆ ದಾಟಿಸುವ ಅಂಬಿಗ ಪುಟ್ಟಮಾದ. ದೋಣಿಯಿಂದ ನೇರ ಬಂದಿದ್ದ, ಪಂಚೆ ಇನ್ನೂ ಒದ್ದೆಯಿತ್ತು. ಮೊದಲ ಒಗಟು ಕೇಳಿ, “ಒಂದೇ ಕಂಪ್ಯೂಟರಲ್ಲಿರೋ ಎರಡು ಸಿಸ್ಟಮ್ಮು, ಅಮ್ಮಣ್ಣಿ. ನಮ್ಮನೇಲೂ ಅಂಗೇಯ. ಒಂದು ನಮ್ಮಕ್ಕಂದು, ಒಂದು ನಂದು” ಎಂದ.

“ಯಜಮಾನರಿಗಿಂತ ಮೊದಲು ಏಳುವವನೊಬ್ಬನಿದ್ದಾನೆ. ಯಾರನ್ನು ಎಬ್ಬಿಸಲಿ ಎಂದು ಕೇಳುತ್ತಾನೆ. ತುಸು ಹೊತ್ತು ಕಾದು, ನಾವು ಸುಮ್ಮನಿದ್ದರೆ ತನಗೆ ತೋಚಿದವರನ್ನು ಎಬ್ಬಿಸಿ ತಾನು ಮರೆಯಾಗುತ್ತಾನೆ. ಯಾರವನು?”

“ಬಾಗಿಲು ಕಾಯೋನು. ಬೂಟ್ ಲೋಡರ್ ಅಂತಾರೆ.”

ಹೊನ್ನಾಂಬೆ ಮೂರನೆಯದನ್ನು ಕೇಳಿದಳು: “ಬಾಗಿಲಿಗೆ ಹೊಸಬ ಬಂದಿದ್ದಾನೆ. ಮನೆಗೆ ಒಬ್ಬನೇ ಯಜಮಾನ ಅನ್ನುತ್ತಾನೆ. ಹಳಬರು ಇದ್ದಾರೋ ಇಲ್ಲವೋ, ಹೇಗೆ ತಿಳಿಯುವುದು?”

“ಬಾಗಿಲು ಕಾಯೋನ್ನ ಕೇಳಬಾರ್ದು, ಅಮ್ಮಣ್ಣಿ. ಮನೆ ಅಳೀಬೇಕು.” ಪುಟ್ಟಮಾದ ಉಡಿದಾರಕ್ಕೆ ಕಟ್ಟಿದ್ದ ಪೆನ್ ಡ್ರೈವ್ ಬಿಚ್ಚಿದ. “ಇದರಲ್ಲಿ ಮೂರನೇದೊಂದು ಸಿಸ್ಟಮ್ ಅದೆ. ನೆಂಟನಂಗೆ ಬಂದು ನೋಡ್ಕಂಡು ಹೋಯ್ತದೆ, ಏನೂ ಮುಟ್ಟಲ್ಲ. ಹಾಕ್ಲಾ?”

ಅರಸ ಮಗಳ ಮುಖ ನೋಡಿದ. ಅವಳು ತಲೆಯಾಡಿಸಿದಳು.

ಪೆನ್ ಡ್ರೈವಿನಿಂದಲೇ ಕಂಪ್ಯೂಟರ್ ಎದ್ದಿತು. ಪುಟ್ಟಮಾದ ಡಿಸ್ಕಿನ ಅಳತೆ ತೋರಿಸಿದ. “ಈ ಅರ್ಧ ಹೊಸದರದು. ಈ ಅರ್ಧ ಹಳೇದು, ನೋಡಿ, ತುಂಬೈತೆ. ಹೊಸದಕ್ಕೆ ಇದನ್ನ ಓದಕ್ಕೆ ಬರಲ್ಲ, ಅದಕ್ಕೆ ಗುರುತಿಲ್ಲ ಅಂತು. ಗುರುತಿಲ್ಲ ಅಂದ್ರೆ ಖಾಲಿ ಅಂತಲ್ಲ. ಕೊನೇಗೆ ಬಂದದ್ದು ಬಾಗಿಲಿಗೆ ತನ್ನೋನ್ನೇ ನಿಲ್ಲಿಸ್ಕತದೆ, ಅಷ್ಟೇಯ. ನೀವೇನೂ ಅಳಿಸಿಲ್ಲ.”

ಹಳೆಯ ಕಾವಲುಗಾರನನ್ನೇ ಮತ್ತೆ ಬಾಗಿಲಿಗೆ ನಿಲ್ಲಿಸಿ, ಹೊಸ ಯಜಮಾನನ ಹೆಸರನ್ನೂ ಅವನಿಗೆ ಹೇಳಿಕೊಟ್ಟು, ಪುಟ್ಟಮಾದ ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದ. ಪರದೆಯ ಮೇಲೆ ಎರಡು ಹೆಸರು ಬಂದವು, ಕೆಳಗೆ ಎಣಿಕೆ ಇಳಿಯತೊಡಗಿತು. “ನೀವೇ ಆರಿಸಿ” ಎಂದು ಅವನು ಹಿಂದೆ ಸರಿದ. ಹೊನ್ನಾಂಬೆ ನೋಡುತ್ತಲೇ ಇದ್ದಳು. ಎಣಿಕೆ ಮುಗಿಯುವ ಮುನ್ನ ಒತ್ತಿದಳು. ಪಾಸ್‌ವರ್ಡ್ ಕೇಳಿತು. ಅಮ್ಮ ತನ್ನನ್ನು ಕರೆಯುತ್ತಿದ್ದ ಹೆಸರನ್ನು ಬರೆದಳು. ಅಮ್ಮನ ಕಡೆ ತೆರೆಯಿತು.

“ಬಂತು” ಎಂದಳು, ಬಸ್ಸು ಬಂತು ಅನ್ನುವ ಹಾಗೆ.

ಅರಸ ಅಂಬಿಗನತ್ತ ತಿರುಗಿ, “ಏನು ಬೇಕು ಕೇಳಪ್ಪ” ಎಂದ.

“ಒಳಗಿರೋ ಆ ಇಬ್ಬರನ್ನೂ ಬಿಟ್ಬುಡಿ, ಬುದ್ಧಿ. ಅಕ್ಕನ ಸಿಸ್ಟಮ್ ಕಾಣದೆ ಹೋದಾಗ ನಾನೂ ಅಳಿಸೇಬುಡಾನ ಅಂತ ಕೈ ಹಾಕಿದ್ದೆ. ಅಕ್ಕ ಬೆನ್ನಿಗೊಂದು ಕೊಟ್ಟಳು, ತಲೆ ತೆಗೀಲಿಲ್ಲ.”

ಸಭೆಯಲ್ಲಿ ಯಾರೋ ನಕ್ಕರು. ನಗು ಕೇಳಿ ಎಷ್ಟು ಕಾಲವಾಗಿತ್ತೋ, ಎಲ್ಲರೂ ಅತ್ತ ತಿರುಗಿದರು. ಅರಸ ಇಬ್ಬರನ್ನೂ ಬಿಡಿಸಿದ. “ಮದುವೆಯ ಮಾತು?” ಎಂದ.

“ಈಗ ಬ್ಯಾಡಿ ಬುದ್ಧಿ. ಅಮ್ಮಣ್ಣಿಯೋರಿಗೆ ಇನ್ನೂ ಅಳೋದು ಬಾಕಿ ಅದೆ.”

ಹೊನ್ನಾಂಬೆ ಕೇಳಿಸಿಕೊಳ್ಳಲಿಲ್ಲ. ಅವಳು ಪರದೆ ನೋಡುತ್ತಿದ್ದಳು. ಅಮ್ಮ ಆಡುತ್ತಿದ್ದ ಇಸ್ಪೀಟಿನ ಆಟ ಅರ್ಧಕ್ಕೇ ನಿಂತಿತ್ತು. ಕಪ್ಪು ಒಂಬತ್ತು ಒಂದು ಕಡೆ, ಕೆಂಪು ಹತ್ತು ಇನ್ನೊಂದು ಕಡೆ.

“ಒಂಬತ್ತನ್ನು ಹತ್ತರ ಮೇಲೆ ಇಡಬಹುದಿತ್ತು” ಎಂದಳು. “ಅಮ್ಮನಿಗೆ ಇದು ಯಾವತ್ತೂ ಕಾಣುತ್ತಿರಲಿಲ್ಲ. ನಾನೇ ಹಿಂದೆ ನಿಂತು ಹೇಳಬೇಕಿತ್ತು.”

ಒಂಬತ್ತನ್ನು ಎಳೆದು ಹತ್ತರ ಮೇಲೆ ಇಟ್ಟಳು. ಆಗ ಅಳು ಬಂತು.

ಪುಟ್ಟಮಾದ ಅಂದೇ ದೋಣಿಗೆ ಮರಳಿದ. ಪೆನ್ ಡ್ರೈವ್ ಅರಮನೆಯಲ್ಲೇ ಉಳಿಯಿತು, ಹಿಂದಿರುಗಿಸಲು ಹೊನ್ನಾಂಬೆ ತಾನೇ ಹೊಳೆಗೆ ಹೋದಳಂತೆ. ಅಮ್ಮನ ಆಟ ಆ ಸಂಜೆಯೇ ಮುಗಿಯಿತು. ಅಳು ಮುಗಿಯಲು ಮಾತ್ರ ಇನ್ನಷ್ಟು ದಿನ ಹಿಡಿಯಿತು.